ಮರೆಯಲ್ಲಿ ನಿಂತ ನಾಲಗೆ

ಎದುರಿಗೆ ಸಿಕ್ಕರೆ ಮಾತನಾಡಲೂ ಸಂಕೋಚಪಡುವ ಮನುಷ್ಯ, ಮೊಬೈಲು ಹಿಡಿದೊಡನೆ ಅಪರಿಚಿತ ಹೆಣ್ಣುಮಗಳೊಬ್ಬಳನ್ನು ಬಾಯಿಗೆ ಬಂದಂತೆ ಬಯ್ಯುವುದೇಕೆ? ಅವನು ಹುಟ್ಟು ದುಷ್ಟನೆಂದು ಕೈತೊಳೆದುಕೊಳ್ಳುವುದು ಸುಲಭ. ಆದರೆ ಅದು ಪೂರ್ಣ ಸತ್ಯವಲ್ಲ.

ಮನಶ್ಶಾಸ್ತ್ರಜ್ಞ ಜಾನ್ ಸುಲರ್ 2004ರಲ್ಲಿ ಇದರ ಕಾರಣಗಳನ್ನು ವಿವರಿಸಿದರು: ಹೆಸರು ಮರೆಯಾಗಿರುತ್ತದೆ, ಮುಖ ಕಾಣುವುದಿಲ್ಲ, ಆಡಿದ ಮಾತಿಗೆ ಒಡನೆಯೇ ಉತ್ತರ ಬರಬೇಕೆಂದಿಲ್ಲ. ಎದುರಿನವರ ಕಣ್ಣೀರು ಕಾಣದೆಡೆ ನಾಲಗೆಗೆ ಲಗಾಮೆಲ್ಲಿಯದು? ಹೀಗೆ ಕೆಣಕುವವರಲ್ಲಿ ಪರಪೀಡನೆಯಿಂದ ಸುಖಪಡುವ ಸ್ವಭಾವ ಹೆಚ್ಚೆಂದು ಕೆನಡಾದ ಸಂಶೋಧಕರು 2014ರಲ್ಲಿ ತೋರಿಸಿದ್ದು ನಿಜ. ಆದರೆ ಮನಸ್ಸು ಕೆಟ್ಟಿರುವಾಗ ಬೇರೆಯವರ ಬೈಗುಳಗಳನ್ನು ಕಂಡರೆ, ಸಾಮಾನ್ಯನೂ ತನ್ನದೊಂದನ್ನು ಸೇರಿಸುವ ಸಂಭವ ಹೆಚ್ಚೆಂದು 2017ರ ಅಮೆರಿಕದ ಅಧ್ಯಯನವೊಂದು ತಿಳಿಸಿತು.

ಹಾಗಾದರೆ ಕಾನೂನೊಂದೇ ಮದ್ದೆ? ದಕ್ಷಿಣ ಕೊರಿಯ 2007ರಲ್ಲಿ ದೊಡ್ಡ ಜಾಲತಾಣಗಳಲ್ಲಿ ಬರೆಯುವವರು ನಿಜ ಗುರುತು ನೀಡಬೇಕೆಂದು ವಿಧಿಸಿತು. ಇದರಿಂದ ಅಕ್ರಮ ಬರಹಗಳು ಗಣನೀಯವಾಗಿ ತಗ್ಗಲಿಲ್ಲವೆಂದು ಕಂಡು, ಅಲ್ಲಿನ ಸಂವಿಧಾನ ನ್ಯಾಯಾಲಯ 2012ರಲ್ಲಿ ಅದನ್ನು ರದ್ದುಮಾಡಿತು.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ನಮ್ಮಂಥವರಿಗೆ ಅಕ್ಷರ ತಡವಾಗಿ ದೊರಕಿದೆ. ಅದರಿಂದಲೇ ಮತ್ತೊಬ್ಬರ ಬಾಯಿ ಮುಚ್ಚಿಸುವುದು ವಿದ್ಯೆಗೆ ಅಪಮಾನ. ಆದುದರಿಂದ ಮಿತ್ರರೆ, ಬೈಗುಳ ಕಂಡಾಗ ನಗದಿರೋಣ, ಹಂಚದಿರೋಣ. ಅದಕ್ಕೆ ಗುರಿಯಾದವರ ಪಕ್ಕದಲ್ಲಿ ನಮ್ಮ ಸ್ವಂತ ಹೆಸರಿನೊಡನೆ ನಿಲ್ಲೋಣ.