ಬಿಟ್ಟಿ ಚಾಕರಿ ಲ್ಯಾಪ್‌ಟಾಪ್ ಮೇಲೂ ನಡೀತದೆ

ಸ್ವಲ್ಪ ಉದ್ದ ಬರೀತಿದೀನಿ. ಬೈಯೋರು ಪೂರ್ತಿ ಓದಿ ಬೈರಿ.

ನಮ್ಮ ಸಂಘಟನೆಯ ವೆಬ್‌ಸೈಟ್ ಹೊಸದಾಗಿ ಮಾಡೋಣ ಅಂತ ತೀರ್ಮಾನವಾಗಿ ಐದು ತಿಂಗಳಾಯ್ತು. ನಮ್ಮದೇ ಕೇರಿಯ ಇಬ್ಬರು ಮಕ್ಕಳು ಒಪ್ಕೊಂಡ್ರು. ಒಬ್ಬಳು ಡಿಸೈನರ್, ಒಬ್ಬ ಡೆವಲಪರ್. ಹಗಲು ಕಂಪನಿ ಕೆಲಸ, ರಾತ್ರಿ ನಮ್ಮ ಕೆಲಸ. ಕೊಟ್ಟಿದ್ದು ಒಂದು ರೂಪಾಯಿಯೂ ಇಲ್ಲ. "ಸಮುದಾಯದ ಕೆಲಸ ಅಲ್ವೇನಪ್ಪಾ!"

ನಾನು ಗುಮಾಸ್ತ, ಟೈಪಿಂಗ್ ಬರುತ್ತೆ ಅಂತ ಹಳೇ ಬರಹಗಳು ನನ್ನ ತಲೆಗೆ ಬಂದವು. ಎಲ್ಲ ನುಡಿ ಫಾಂಟಲ್ಲಿ ಇದ್ದವು. ಮೊಬೈಲಲ್ಲಿ ತೆಗೆದರೆ ಬರೀ ಇಂಗ್ಲಿಷ್ ಅಕ್ಷರಗಳ ಕಸ, ಗೂಗಲ್‌ನಲ್ಲಿ ಹುಡುಕಿದರೂ ಸಿಗಲ್ಲ. ಯೂನಿಕೋಡ್‌ಗೆ ಬದಲಾಯಿಸಿ, ಕೆಟ್ಟ ಒತ್ತಕ್ಷರಗಳನ್ನ ಒಂದೊಂದಾಗಿ ತಿದ್ದಿದೆ. ಹಾಗಾಗಿ ಆ ಇಬ್ಬರ ಕೆಲಸ ಹತ್ತಿರದಿಂದ ನೋಡಿದೀನಿ.

ಹುಡುಗಿ ಮೊದಲ ದಿನವೇ ಕೇಳಿದಳು: "ಅಣ್ಣಾ, ಇದನ್ನ ಯಾರು ತೆಗೀತಾರೆ? ಯಾವ ಹೊತ್ತಲ್ಲಿ ತೆಗೀತಾರೆ?" ಇಷ್ಟು ವರ್ಷದಲ್ಲಿ ನಾವ್ಯಾರೂ ಕೇಳದ ಪ್ರಶ್ನೆ. ಮುಖಪುಟದ ತಲೆಯಲ್ಲೇ ಒಂದು ದೊಡ್ಡ ಬಟನ್ ಇಟ್ಟಳು: "ದೌರ್ಜನ್ಯ ನಡೆದಿದೆಯಾ?" ಒತ್ತಿದರೆ ಸಹಾಯವಾಣಿ 14566. ಎಫ್‌ಐಆರ್ ಹಾಕೋಕೆ ಪ್ರಾಥಮಿಕ ವಿಚಾರಣೆ ಬೇಕಿಲ್ಲ ಅನ್ನೋ 18ಎ ಕಲಂ, ಡಿವೈಎಸ್ಪಿ ದರ್ಜೆಗಿಂತ ಕೆಳಗಿನವರು ತನಿಖೆ ಮಾಡೋ ಹಾಗಿಲ್ಲ ಅನ್ನೋದು, 60 ದಿನದ ಗಡುವು. ಎಲ್ಲ ನಾಲ್ಕು ಸಾಲಲ್ಲಿ.

ಹಿಂದೆ ದೊಡ್ಡ ಚಿತ್ರ ಬೇಕು ಅಂದಳು. ಹುಡುಗ ಬಿಡಲಿಲ್ಲ. ಹಳೇ ಫೋನನ್ನ 2ಜಿಗೆ ಹಾಕಿ ಅವಳ ಕೈಗೆ ಕೊಟ್ಟ. ಪುಟ ತೆರೀಲೇ ಇಲ್ಲ. ಎರಡು ರಾತ್ರಿ ಜಗಳ ಆಡಿ ಚಿತ್ರ ತೆಗೆದಳು. ಅವನು ಸಹಾಯ ಕೇಳೋ ಫಾರಂಗೆ ಓಟಿಪಿ ಹಾಕಿದ್ದ. "ಪಕ್ಕದ ಮನೆಯವರ ಫೋನ್ ಇಸ್ಕೊಂಡು ಬರೆಯೋಳು ಓಟಿಪಿ ಎಲ್ಲಿಂದ ತರ್ತಾಳೆ?" ಅಂದಳು ಇವಳು. ಅವನೂ ತೆಗೆದ. ಜೊತೆಗೂಡಿ ಕೆಲಸ ಮಾಡೋದು ಅಂದ್ರೆ ಇದು ಕಣ್ರೀ. ನಮ್ಮ ಪದಾಧಿಕಾರಿಗಳ ಸಭೆಯಲ್ಲಿ ನಾನು ಇದನ್ನ ಕಂಡಿಲ್ಲ.

ಸಭೆಗೆ ತೋರಿಸಿದ್ವಿ. ಮೊದಲ ಮಾತು: "ಅಧ್ಯಕ್ಷರ ಫೋಟೋ ಎಲ್ಲಿ?" ಎರಡನೇದು: ಹಾರ ಹಾಕಿಸಿಕೊಂಡ ಐದು ಫೋಟೋ ಮೇಲೆ ಓಡಾಡ್ತಿರಬೇಕು, ಆ ಬಟನ್ ಕೆಳಗೆ ಹೋಗಲಿ. ಹುಡುಗಿ ವಿವರಿಸೋಕೆ ಹೋದಳು. "ನೀನು ಬಣ್ಣ ಹಚ್ಚಮ್ಮ, ಸಾಕು."

1936ರ 'ಜಾತಿ ವಿನಾಶ'ದಲ್ಲಿ ಬಾಬಾಸಾಹೇಬರು ಜಾತಿ ದುಡಿಯೋರನ್ನೇ ಮೇಲು ಕೀಳಾಗಿ ಒಡೆಯೋದನ್ನ ಬಿಡಿಸಿಟ್ಟರು. ಅವರ ಫೋಟೋದ ಕೆಳಗೇ ಕೂತು ನಾವು, ಯೋಚನೆ ನಮ್ಮದು ಕೈ ನಿನ್ನದು ಅಂದ್ವಿ. ನಮ್ಮಪ್ಪ ಊರ ಹಬ್ಬಕ್ಕೆ ತಮಟೆ ಬಡಿದು ಬರಿಗೈಲಿ ಮನೆಗೆ ಬಂದಿದ್ದು ನನಗೆ ನೆನಪಿದೆ. ಬಿಟ್ಟಿ ಚಾಕರಿ ಬೇಡ ಅಂತ ಸಂವಿಧಾನದ 23ನೇ ವಿಧಿ ಹೇಳುತ್ತೆ ಅಂತ ಭಾಷಣ ಮಾಡಿದ್ದೂ ನಾವೇ.

ಚಳವಳಿಯಲ್ಲಿ ಕೂಲಿ ಕೇಳ್ತಾರಾ ಅಂತೀರಿ. ಏಪ್ರಿಲ್ 14ಕ್ಕೆ ಶಾಮಿಯಾನದವನಿಗೆ, ಮೈಕ್‌ನವನಿಗೆ, ಫ್ಲೆಕ್ಸ್‌ನವನಿಗೆ ಅಡ್ವಾನ್ಸ್ ಕೊಟ್ಟೇ ಕರೆಸ್ತೀವಲ್ಲ, ಅವರಿಗ್ಯಾಕೆ ಸಮುದಾಯದ ಮಾತು ಹೇಳಲ್ಲ? ನಮ್ಮ ಮಕ್ಕಳು ಅಂತ ಇವರಿಗೆ ಮಾತ್ರ ಪುಕ್ಕಟೆ ಲೆಕ್ಕ. ಸ್ವಂತ ಇಷ್ಟದಿಂದ ಮಾಡಿದರೆ ಸೇವೆ, ಸರಿ. ಆದ್ರೆ ಸೇವೆ ಮಾಡೋನಿಗೆ ಮಾತಾಡೋ ಹಕ್ಕೂ ಇಲ್ಲ ಅಂದ್ರೆ ಅದಕ್ಕೆ ಬೇರೆ ಹೆಸರಿದೆ.

ಅವತ್ತು ನಾನೂ ಸುಮ್ಮನೆ ಕೂತಿದ್ದೆ. ಅಧ್ಯಕ್ಷರು ಹಿರಿಯರು, ನನ್ನ ಕಷ್ಟಕ್ಕೆ ಆದೋರು. ಅದಕ್ಕೇ ಬಾಯಿ ಬರಲಿಲ್ಲ. ಈಗ ಹೇಳ್ತಿದೀನಿ. ಭಾನುವಾರದ ಸಭೆಯಲ್ಲಿ ಇಬ್ಬರಿಗೂ ಐದು ತಿಂಗಳ ಕೂಲಿ ಗೊತ್ತುಮಾಡಿ, ಕಂತಲ್ಲಾದರೂ ಕೊಡಿ. ಬಟನ್ ಮೇಲೆಯೇ ಇರಬೇಕು. ಫೋಟೋಗಳಿಗೆ ಪದಾಧಿಕಾರಿಗಳ ಪುಟ ಇದೆ, ಅಲ್ಲಿ ಐದಲ್ಲ ಐವತ್ತು ಹಾಕಿ. ಆಗಲ್ಲ ಅಂದ್ರೆ ನನ್ನ ಜಂಟಿ ಕಾರ್ಯದರ್ಶಿ ಸ್ಥಾನ ಅಲ್ಲೇ ಬಿಟ್ಟು ಬರ್ತೀನಿ.

ಹುಡುಗಿ ನಾಲ್ಕು ದಿನದಿಂದ ಯಾರ ಫೋನೂ ಎತ್ತುತ್ತಿಲ್ಲ. ಹುಡುಗ ನಿನ್ನೆ ರಾತ್ರಿ ಒಂದೂವರೆಗೆ ಮೆಸೇಜ್ ಹಾಕಿದ್ದ: "ಅಣ್ಣಾ, ಬಟನ್ ನಾನಿನ್ನೂ ಕೆಳಗೆ ಇಳಿಸಿಲ್ಲ."