ಪರಿಚಯದವ್ರ ಗ್ಯಾರೇಜು

"ನಮ್ಮ ಪರಿಚಯದವ್ರದ ಗ್ಯಾರೇಜ್ ಅದ, ನೀವೇನೂ ಚಿಂತಿ ಮಾಡಬ್ಯಾಡ್ರಿ." ಈ ಮಾತು ಯಾರರೆ ನಿಮ್ಮ ಮನಿ ಪಡಸಾಲ್ಯಾಗ ಕೂತು ಹೇಳಿದ್ರ ಅವರಿಗೆ ಚಹಾ ಕೊಟ್ಟು ಕಳಸ್ರಿ, ಗಾಡಿ ಕೀಲಿ ಮಾತ್ರ ಕೊಡಬ್ಯಾಡ್ರಿ. ಸಿಟ್ಟಿನ್ಯಾಗ ಬರೀಲಿಕ್ಕತ್ತೀನಿ ಅಂತ ಅನಸ್ತದೇನು? ಹೌದು, ಸಿಟ್ಟಿನ್ಯಾಗ ಬರೀಲಿಕ್ಕತ್ತೀನಿ. ತೊಂಬತ್ತು ಸಾವಿರ ರೂಪಾಯಿ ಹೋಗ್ಯದ, ಸಿಟ್ಟು ಬರಬಾರದೇನು?

ನಮ್ಮ ಮನಿ ಫಿಯಾಟ್ ನಿಮಗೆಲ್ಲಾರಿಗೂ ಗೊತ್ತದ. ನಿಮ್ಮೊಳಗ ಅರ್ಧ ಮಂದಿ ಅದರಾಗ ಕೂತು ಮದುವಿಗೆ ಹೋದವ್ರ ಇದ್ದೀರಿ. ಕಾಗದದ ಪ್ರಕಾರ ಅದು ಪ್ರೀಮಿಯರ್ ಪದ್ಮಿನಿ. 1974ರಿಂದ ಆ ಹೆಸರು ಬಂತು, ಆದ್ರ ನಮ್ಮ ಮಾವನವರು ಕಡೀತನಕ ಫಿಯಾಟ್ ಅಂತನ ಅಂದ್ರು. 1982ರಾಗ ತಗೊಂಡದ್ದು. ಆಗ ರೊಕ್ಕ ಕಟ್ಟಿ ವರ್ಷಗಟ್ಟಲೆ ಪಾಳಿ ಹಚ್ಚಬೇಕಾಗಿತ್ತು. ಸ್ಟೇರಿಂಗ್ ಬಾಜೂಕ ಗೇರು, ಸೋಫಾದಂಥಾ ಮುಂದಿನ ಸೀಟು, ಕ್ರೀಮ್ ಬಣ್ಣ. ಅತ್ತಿಯವರಿಗೆ ಈಗ ಎಂಬತ್ತೊಂದು. ಮೊಣಕಾಲು ಎರಡೂ ಹೋಗ್ಯಾವ. ಈಗಿನ ಕಾರಿನ್ಯಾಗ ತಗ್ಗಿನ್ಯಾಗ ಇಳಧಂಗ ಕೂಡಬೇಕಲ್ಲ, ಅದು ಅವರಿಗೆ ಆಗೂದಿಲ್ಲ. ಫಿಯಾಟಿನ ಸೀಟು ಖುರ್ಚಿಗತೆ ಎತ್ತರ ಅದ. ಹಿಂಗಾಗಿ ಗುರುವಾರ ಗುಡಿಗೆ ಹೋಗೂದು, ಡಾಕ್ಟರ್ ಕಡೆ ಹೋಗೂದು, ಎಲ್ಲಾ ಅದರಾಗನ. ಶೋಕಿಗೆ ಇಟ್ಟದ್ದಲ್ಲ.

2023ರ ಜೂನದಾಗ ನಮ್ಮ ಓಣ್ಯಾಗ ನೀರಿನ ಟ್ಯಾಂಕರ್ ಹಿಂದ ತಗೋತ ಬಂದು ಎಡಗಡೆ ಹಿಂದಿನ ಬಾಗಿಲು, ಅದರ ಹಿಂದಿನ ಮಡ್‌ಗಾರ್ಡು ಎರಡೂ ಒಳಗ ಒತ್ತಿಬಿಡ್ತು. ಡ್ರೈವರ್ ಹುಡುಗ ಅಳೂ ಮಾರಿ ಮಾಡಿ ಐದು ಸಾವಿರ ಕೊಟ್ಟು ಹೋದ. ನಮ್ಮ ಇನ್ಶೂರೆನ್ಸ್ ಥರ್ಡ್ ಪಾರ್ಟಿ ಅಷ್ಟ, ಅಂದ್ರ ನಮ್ಮ ಗಾಡಿ ನುಗ್ಗಿದ್ದಕ್ಕ ಅದರಾಗ ಏನೂ ಬರೂದಿಲ್ಲ. ಟ್ಯಾಂಕರಿನ ಇನ್ಶೂರೆನ್ಸ್ ಕೇಳಬೇಕಿತ್ತು, ಕೇಳಲಿಲ್ಲ. ಅದು ಮೊದಲನೇ ದಡ್ಡತನ.

ಎರಡನೇದ್ದು, ಮುಂಜಾನೆ ವಾಕಿಂಗಿಗೆ ಬರೋ ಇವರ ಗೆಳೆಯರೊಬ್ಬರು "ನಮ್ಮ ಹುಡುಗಂದ ಗ್ಯಾರೇಜ್ ಅದ" ಅಂದದ್ದು. ಇವರು ಮರುದಿನನ ಗಾಡಿ ಬಿಟ್ಟು ಬಂದ್ರು. ಎಷ್ಟ ಆಗ್ತದ ಅಂತ ಕೇಳಿದ್ರೇನ್ರಿ ಅಂದೆ. "ಪರಿಚಯದವ್ರಿಗೆ ಹಂಗೆಲ್ಲಾ ಕೇಳಿದ್ರ ಛಲೋ ಕಾಣ್ತದೇನ" ಅಂದ್ರು. ಏನೇನು ಮಾಡ್ತಾನಂತ ಅಂದೆ. "ನಿನಗೇನ ತಿಳೀತದ ಟಿಂಕರಿಂಗ್ ಸುದ್ದಿ" ಅಂದ್ರು. ಇವರಿಗೆ ತಿಳೀತದೋ ಏನು ಅಂತ ನಾ ಕೇಳಲಿಲ್ಲ. ಕೇಳಬೇಕಿತ್ತು.

ದಸರಾಕ್ಕ ಗಾಡಿ ಬಂತು. ಮೂರು ಕಂತಿನ್ಯಾಗ ತೊಂಬತ್ತು ಸಾವಿರ, ಎಲ್ಲಾ ನಗದು, ಒಂದ ಚೀಟಿ ಇಲ್ಲ. ಹೊಳಪು ಮಾತ್ರ ಅಗದಿ ಮದುಮಗಳಗತೆ. ಅತ್ತಿಯವರು ದೃಷ್ಟಿ ತಗದ್ರು. ಅದ ತಿಂಗಳಾಗ ಮುಂಬಯಿ ರಸ್ತೆ ಮ್ಯಾಲಿಂದ ಕಡೀ ಪದ್ಮಿನಿ ಟ್ಯಾಕ್ಸಿ ಇಳೀತು ಅಂತ ಪೇಪರಿನ್ಯಾಗ ಬಂದಿತ್ತು. ನಮ್ಮದರೆ ಉಳೀತು ಅಂತ ನಾವು ಖುಷಿ ಪಟ್ಟಿವಿ. ಬಾಗಿಲ ಮ್ಯಾಲಿನ ಉದ್ದಕ ಬೆಳ್ಳಿಗತೆ ಹೊಳಿಯೋ ಪಟ್ಟಿ ಇತ್ತಲ್ಲ, ಅದು ಇರಲಿಲ್ಲ. ಕೇಳಿದ್ರ "ಅದು ಮುರೀತ್ರಿ, ಈಗ ಸಿಗೂದಿಲ್ಲ" ಅಂದ ಹುಡುಗ. ಮುರದ ಪಟ್ಟಿ ಎಲ್ಲದನೋ ಅಂದ್ರ ಗುಜರಿಗೆ ಹೋತಂತ.

ಮುಂದಿನ ಮಳಿಗಾಲದಾಗ ಬಣ್ಣದ ಮ್ಯಾಲೆ ಗುಳ್ಳಿ ಎದ್ವು. ಬ್ಯಾಸಗಿ ಬೆವರುಸಾಲಿಗತೆ ಸಣ್ಣ ಸಣ್ಣವು. ಆಮ್ಯಾಲೆ ಸೀಳು ಬಿಡ್ತು. ಚೌತಿ ಹಿಂದಿನ ದಿನ ಗಣಪ್ಪನ್ನ ತರಲಿಕ್ಕೆ ಹೊಂಟಾಗ ಮೊಮ್ಮಗ ಬಾಗಿಲು ಜೋರಾಗಿ ಹಾಕಿದ, ಹೋಳಿಗಿಯಷ್ಟು ದೊಡ್ಡ ಹಕ್ಕಳಿ ಕಳಚಿ ಕೆಳಗ ಬಿತ್ತು. ಕೈಯಾಗ ತಗೊಂಡು ನೋಡಿದೆ. ಬೆರಳಿನಷ್ಟು ದಪ್ಪ, ಬರೇ ಪುಟ್ಟಿ. ಒಳಗ ಏನಿತ್ತು ಗೊತ್ತದೇನ್ರಿ? ಸೊಳ್ಳಿ ಬರಬಾರದಂತ ಕಿಟಕಿಗೆ ಹೊಡಿತೀವಲ್ಲ, ಆ ಜಾಳಿಗಿ. ಅದರ ಹಿಂದ ತುಕ್ಕು. ನುಗ್ಗಿದ ತಗಡು ನುಗ್ಗಿದಂಗನ ಇತ್ತು. ಬಡದ ಸಮಾ ಮಾಡಿರಲಿಲ್ಲ, ಕತ್ತರಿಸಿ ಹೊಸಾದು ಹಚ್ಚಿರಲಿಲ್ಲ. ಜಾಳಿಗಿ ಕೂಡಿಸಿ, ಹಿಟ್ಟು ಮೆತ್ತಿಧಂಗ ಮೆತ್ತಿ, ಮ್ಯಾಲೆ ಬಣ್ಣ ಹೊಡದಿದ್ದ.

ಇವರಿಗೆ ತೋರಿಸಿದೆ. ಐದು ನಿಮಿಷ ಸುಮ್ಮನ ನಿಂತ್ರು. ಆಮ್ಯಾಲೆ ಏನಂದ್ರು? "ಬಿಡು, ಈಗ ಕೇಳಿದ್ರ ಸಂಬಂಧ ಕೆಡ್ತದ." ಅಲ್ರೀ, ಸಂಬಂಧ ಕೆಡಿಸಿದವ್ರು ಯಾರು? ಜಾಳಿಗಿ ಹಚ್ಚಿದವನೋ, ಕೇಳೂ ನಾನೋ? ಪರಿಚಯ ಅನ್ನೋದು ಹಿಂಗ ಅದ ನೋಡ್ರಿ. ಪರಿಚಯದವ ನಿಮ್ಮ ಕಡೆ ರೊಕ್ಕ ತಗೋಳಿಕ್ಕೆ ಸಂಕೋಚ ಮಾಡೂದಿಲ್ಲ, ನೀವು ಮಾತ್ರ ಲೆಕ್ಕ ಕೇಳಲಿಕ್ಕೆ ಸಂಕೋಚ ಮಾಡಬೇಕು. ಗೊತ್ತಿಲ್ಲದವನ ಅಂಗಡ್ಯಾಗ ಹತ್ತು ಪ್ರಶ್ನಿ ಕೇಳ್ತಿದ್ರಿ, ಚೀಟಿ ಬರಸ್ಕೋತಿದ್ರಿ, ಹೋಗಿ ಬಂದು ನೋಡ್ತಿದ್ರಿ. ಇಲ್ಲೆ ಪರಿಚಯ ಅಂತ ಕಣ್ಣ ಮುಚ್ಚಿದ್ರಿ.

ಮತ್ತ ಗಂಡಸರ ಸುದ್ದಿ. ಅವರು ಬಾನೆಟ್ ಎತ್ತಿ ನಿಂತು ತಲಿ ಅಲ್ಲಾಡಿಸಿದ್ರ ತಿಳದಂಗ. ಖರೆ ಹೇಳ್ರಿ, ವಸ್ತು ನೋಡಿ ತಗೊಳ್ಳೂದು ಮನ್ಯಾಗ ಯಾರಿಗೆ ಬರ್ತದ? ಜ್ವಾಳ ತಗೊಳ್ಳೂವಾಗ ಚೀಲದ ತಳದಾಗ ಕೈ ಹಾಕಿ ಮುಟಿಗಿ ತಗದು ನೋಡ್ತೀವಿ. ಇಳಕಲ್ ಸೀರಿ ಹೊಳ್ಳಿಸಿ ಸೆರಗಿನ ಜೋಡಣಿ ನೋಡ್ತೀವಿ. ಕಲಾಯಿಯವ ಬಂದಾಗ ಕಟ್ಟಿ ಮ್ಯಾಲೆ ಕೂತು, ಹಂಡೆ ಒಳಗ ಸ್ವಚ್ಛ ತಿಕ್ಕಿದ್ನೋ ಇಲ್ಲೋ, ನವಸಾಗರ ಹಾಕಿದ್ನೋ ಇಲ್ಲೋ ನೋಡ್ತೀವಿ. ಹೊಲಸಿನ ಮ್ಯಾಲೆ ತವರ ಬಳದ್ರ ಎಂಟು ದಿನದಾಗ ಎದ್ದು ಬರ್ತದ ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗಾಡಿ ತಗಡಿಗೂ ಅದ ನಿಯಮ. ತುಕ್ಕು ಪೂರ್ತಿ ತಗೀಬೇಕು, ಕೆಟ್ಟ ತಗಡು ಕತ್ತರಿಸಿ ಅಷ್ಟ ದಪ್ಪನ ತಗಡು ವೆಲ್ಡಿಂಗ್ ಮಾಡಬೇಕು, ನುಗ್ಗಿದ್ದನ್ನ ಬಡದು ಸಮಾ ಮಾಡಬೇಕು. ಪುಟ್ಟಿ ಅನ್ನೋದು ಪಾಪ ಕೆಟ್ಟ ಸಾಮಾನಲ್ಲ. ಬಡದ ಮ್ಯಾಲೆ ಉಳಿಯೋ ಸಣ್ಣ ಏರುತಗ್ಗು ಮುಚ್ಚಲಿಕ್ಕೆ ಎರಡ್ಮೂರು ಮಿಲಿಮೀಟರ್ ಹಚ್ಚಿದ್ರ ಸಾಕು. ದಪ್ಪ ಹಚ್ಚಿದ್ರ, ಅದರ ಕೆಳಗ ತುಕ್ಕು ಇದ್ರ, ಸೀಳಿ ಬೀಳೂದ.

ಇದನ್ನ ಮನ್ಯಾಗ ಕೂತು ನೋಡಲಿಕ್ಕೆ ಬರ್ತದ. ಫ್ರಿಜ್ ಮ್ಯಾಲೆ ಹಚ್ಚಿರತೀವಲ್ಲ, ಆ ಮ್ಯಾಗ್ನೆಟ್ ಸಾಕು. ಬಣ್ಣಕ್ಕ ಗೀರು ಬೀಳಬಾರದು ಅಂತ ತೆಳ್ಳನ ಅರಿವ್ಯಾಗ ಸುತ್ತಿ ಬಾಗಿಲಿಗೆ, ಮಡ್‌ಗಾರ್ಡಿಗೆ ಹಚ್ಚಿ ನೋಡ್ರಿ. ತಗಡು ಇದ್ದಲ್ಲೆ ಹಿಡೀತದ, ಪುಟ್ಟಿ ದಪ್ಪ ಇದ್ದಲ್ಲೆ ಜಾರಿ ಬೀಳ್ತದ. ನಾ ನಮ್ಮ ಫ್ರಿಜ್ಜಿನ ಗಣಪ್ಪನ್ನ ತಗೊಂಡು ಗಾಡಿ ಸುತ್ತ ಪ್ರದಕ್ಷಿಣಿ ಹಾಕಿದೆ. ಎಡಗಡೆ ಪೂರ್ತಿ ಎಲ್ಲೂ ನಿಲ್ಲಲಿಲ್ಲ ಗಣಪ್ಪ.

ಆಮ್ಯಾಲೆ ಬ್ಯಾರೆ ಗ್ಯಾರೇಜ್ ಹುಡುಕೂ ಕೆಲಸ ನಾನ ತಗೊಂಡೆ. ದೊಡ್ಡ ಕಂಪನಿ ಸರ್ವಿಸ್ ಸೆಂಟರಿನ್ಯಾಗ ಎಸಿ ರೂಮಿನ್ಯಾಗ ಕೂಡಿಸಿ, ಇಂಥಾ ಗಾಡಿ ನಾವು ತಗೊಳ್ಳೂದಿಲ್ಲ ಅಂದ್ರು. ಅವರು ಪೂರ್ತಿ ಬಾಗಿಲನ ಹೊಸಾದು ಹಾಕ್ತಾರ, ಇದರ ಬಾಗಿಲು ಯಾವ ಕಂಪನಿಯಿಂದ ತರಬೇಕು? 2000ದ ಸುಮಾರಿಗೆ ಗಾಡಿ ಬರೂದ ನಿಂತದ. ಅವರು ಖರೆ ಹೇಳಿ ಕಳಿಸಿದ್ರು, ಅದಕ್ಕ ನಂದೇನೂ ತಕರಾರಿಲ್ಲ. ಇನ್ನೊಬ್ಬವ ಗಾಡಿ ಸುತ್ತ ಒಂದ ಸುತ್ತು ಹಾಕಿ, ಕೆಳಗ ಬಗ್ಗಿ ಸೈತ ನೋಡಲಿಲ್ಲ, "ಫುಲ್ ಬಾಡಿ ಪೇಂಟಿಂಗ್ ನಲವತ್ತು ಸಾವಿರ, ಎಂಟು ದಿನ" ಅಂದ. ನಾ ಅಲ್ಲಿಂದ ಹೊರಗ ಬಂದೆ.

ಮೂರನೇದವ್ರು ವಯಸ್ಸಾದ ಮಿಸ್ತ್ರಿ. ಪತ್ರಾಸ್ ಶೆಡ್, ಬೋರ್ಡ್ ಇಲ್ಲ. ರೇಟ್ ಕೇಳಿದ್ರ ಹೇಳಲಿಲ್ಲ. ಮೊದಲ ಒಳಗಿನ ಮ್ಯಾಟ್ ತಗಿಸಿದ್ರು. ಸ್ಕ್ರೂಡ್ರೈವರ್ ತಗೊಂಡು ಕಾಲ ಕೆಳಗಿನ ತಗಡು ಅಲ್ಲಲ್ಲೆ ಚುಚ್ಚಿದ್ರು. ಒಂದ ಕಡೆ ಪಾರ ಆತು, ಕೆಳಗಿನ ನೆಲ ಕಂಡ್ತು. ಇದಕ್ಕ ಲಾರಿಗತೆ ಬ್ಯಾರೆ ಚಾಸಿ ಇಲ್ರೀ, ಬಾಡಿನ ಇದರ ಎಲುಬು, ಬಾಗಿಲ ಕೆಳಗಿನ ಪಟ್ಟಿ ನೆಲ ಹೋದ್ರ ಗಾಡಿನ ಹೋಧಂಗ ಅಂತ ತಿಳಿಸಿ ಹೇಳಿದ್ರು. "ಬಣ್ಣ ತಗದ ಮ್ಯಾಲೆ ರೇಟ್ ಹೇಳ್ತೀನ್ರಿ ಅವ್ವಾರ. ಈಗ ಹೇಳಿದ್ರ ಒಂದೋ ನಿಮಗ ಮೋಸ, ಇಲ್ಲಾ ನನಗ ಮೋಸ." ನಂಗ ಆ ಮಾತಿಗೆ ಅಲ್ಲ, ಆ ಮ್ಯಾಟ್ ತಗಿಸಿದ್ದಕ್ಕ ವಿಶ್ವಾಸ ಬಂತು.

ಬಣ್ಣ ಸುಲದ ಮ್ಯಾಲೆ ಫೋನ್ ಮಾಡಿ ಕರದು ತೋರಿಸಿದ್ರು. ನೋಟಬುಕ್ಕಿನ ಹಾಳ್ಯಾಗ ಕೂಲಿ ಬ್ಯಾರೆ, ತಗಡು ಬ್ಯಾರೆ, ಬಣ್ಣ ಬ್ಯಾರೆ ಬರದು ಕೊಟ್ರು. ಒಟ್ಟು ಒಂದು ಲಕ್ಷ ನಲವತ್ತು ಸಾವಿರ, ನಾಲ್ಕು ತಿಂಗಳು. ನನ್ನ ಎದಿ ಧಸಕ್ ಅಂತು, ಸುಳ್ಳ ಯಾಕ ಹೇಳಲಿ. ಬಾಗಿಲು ಉಳಿಯೂ ಹಂಗ ಇರಲಿಲ್ಲ, ಬೆಂಗಳೂರು ಶಿವಾಜಿನಗರದ ಗುಜರಿಯಿಂದ ಹಳೇದೊಂದು ತರಿಸಿದ್ರು. ಮಡ್‌ಗಾರ್ಡ್ ಮಾತ್ರ ಉಳಿಸ್ತೀನಿ ಅಂದ್ರು. ಒಳಗಡೆ ಡಾಲಿ ಅನ್ನೋ ಕಬ್ಬಿಣದ ತುಂಡು ಆನಿಸಿ ಹಿಡದು, ಹೊರಗಡೆ ಸಣ್ಣ ಸುತ್ತಿಗಿಲೆ ಟಕ್ ಟಕ್ ಅಂತ ಬಡೀತಾರ. ನಡನಡುವ ಕಣ್ಣ ಮುಚ್ಚಿ ಅಂಗೈ ಆಡಸ್ತಾರ. ನಾವು ಹೋಳಿಗಿ ಕಣಕ ನಾದಿ ಹದ ನೋಡ್ತೀವಲ್ಲ, ಹಂಗ. ಎರಡು ದಿನ ಹೋಗಿ ಸ್ಟೂಲ್ ಮ್ಯಾಲೆ ಕೂತು ನೋಡಿದೆ, ಬ್ಯಾಸರ ಬರಲಿಲ್ಲ. ಪ್ರೈಮರ್ ಹೊಡಿಯೂ ಮೊದಲ ಬರೇ ತಗಡು ನೋಡಲಿಕ್ಕೆ ಮತ್ತ ಕರದ್ರು. ಗಣಪ್ಪನ್ನ ಒಯ್ದಿದ್ದೆ, ಬಣ್ಣ ಆದ ಮ್ಯಾಲೆ ಸಂಕೋಚದಿಂದನ ತಗದೆ. "ಹಚ್ಚಿ ನೋಡ್ರಿ" ಅಂತ ನಕ್ಕರು. "ಇಲ್ಲೆ ಮೂಲ್ಯಾಗ ಸ್ವಲ್ಪ ಸಡ್ಲ ಹಿಡೀತದ, ಅಲ್ಲೆ ಪುಟ್ಟಿ ಅದ" ಅಂತ ತಾವ ಬೆರಳು ಇಟ್ಟು ತೋರಿಸಿದ್ರು.

ಅವರ ಒಂದ ಮಾತು ನಮ್ಮ ಕಡೆನೂ ತಿರಗ್ತದ, ಅದನ್ನೂ ಬರೀಬೇಕು. "ಎಲ್ಲಾರೂ ವಾರದಾಗ ಕೊಡ್ರಿ, ಅರ್ಧ ರೇಟಿಗೆ ಕೊಡ್ರಿ ಅಂತಾರ. ಪುಟ್ಟಿ ತುಂಬಲಾರದ ಹೆಂಗ ಕೊಡ್ಲಿ? ನಂಗ ಬರೂದಿಲ್ಲ ಅಂದ್ರ ಗಾಡಿ ತಗೊಂಡು ಬಾಜೂಕ ಹೋಗ್ತಾರ." ಖರೆ ಅಲ್ಲೇನ್ರಿ? ದಸರಾದೊಳಗ ಬೇಕು ಅಂತ ಆ ಹುಡುಗನ ಬೆನ್ನು ಹತ್ತಿದವ್ರು ನಾವ. ಹಂಗಂತ ಜಾಳಿಗಿ ಹಚ್ಚಿದ್ದು ಮಾಫ್ ಆಗೂದಿಲ್ಲ. ಆಗೂದಿಲ್ಲ ಅಂತ ಬಾಯಿ ಬಿಟ್ಟು ಹೇಳಬೇಕಿತ್ತು ಅವ.

ನಮ್ಮ ನಾದಿನಿ, ಈ ರೊಕ್ಕದಾಗ ಸೆಕೆಂಡ್ ಹ್ಯಾಂಡ್ ಮಾರುತಿ ಬರ್ತಿತ್ತಲ್ಲ ವೈನಿ, ಗುಜರಿಗೆ ಹಾಕೂದಲ್ಲೇನ ಅಂದಳು. ಬರ್ತಿತ್ತು, ಇಲ್ಲ ಅನ್ನೂದಿಲ್ಲ. ಅವರ ತಂದಿ ಗಾಡಿ ಅದು, ಅವಳ ಬಾಯಲೆ ಆ ಮಾತು ಬಂತಲ್ಲ ಅಂತ ನನಗ ಸ್ವಲ್ಪ ಕೆಟ್ಟ ಅನಸ್ತು, ಇರಲಿ. ಹಳೇದು ಇಟ್ಟುಕೊಂಡವ್ರಿಗೆ ಮೋಸ ಆದ್ರ ಅದು ಅವರ ಹಣೆಬರಹ ಅನ್ನೋ ಧಾಟಿ ಮಾತ್ರ ನಂಗ ಸೇರೂದಿಲ್ಲ. ಐವತ್ತು ವರ್ಷ ದಾಟಿದ ಗಾಡಿಗೆ ವಿಂಟೇಜ್ ಅಂತ ಬ್ಯಾರೆ ನೋಂದಣಿ ಕೊಡ್ಲಿಕ್ಕೆ ಕೇಂದ್ರ ಸರ್ಕಾರ 2021ರಾಗ ನಿಯಮ ಮಾಡ್ಯದ. ಗಾಡಿ ಮೂಲ ರೂಪದಾಗ ಇರಬೇಕು, ಚಾಸಿ, ಬಾಡಿ, ಎಂಜಿನ್ ಬದಲಿ ಮಾಡಿರಬಾರದು ಅಂತ ಅದರಾಗ ಅದ. ನಮ್ಮದಕ್ಕ ಇನ್ನ ಏಳು ವರ್ಷ ಬೇಕು, ಅಲ್ಲೀತನಕ ಐದೈದು ವರ್ಷಕ್ಕ ಆರ್‌ಟಿಓ ಕಡೆ ಹೋಗಿ ಆರ್‌ಸಿ ಹೊಸಾದು ಮಾಡಿಸ್ಕೋಬೇಕು. ನೆಲ ಕೊಳತ ಗಾಡಿ ಅಲ್ಲೆ ಪಾಸ್ ಹೆಂಗ ಆಗ್ತದ? ಅತ್ತಿಯವರು ಕಾಲಿಡೂದು ಆ ನೆಲದ ಮ್ಯಾಲೆನ. ಮ್ಯಾಟ್ ಕೆಳಗ ತೂತು ಇತ್ತು ಅಂತ ಅವರಿಗೆ ಇನ್ನೂ ಹೇಳಿಲ್ಲ ನಾನು.

ಆ ತೊಂಬತ್ತು ಸಾವಿರ ಹೊಳ್ಳಿ ಬರಲಿಲ್ಲ. ನಮ್ಮ ಅಣ್ಣನ ಮಗ ವಕೀಲಿ ಮಾಡ್ತಾನ, ಅವನ್ನ ಕೇಳಿದೆ. ಕೆಲಸ ಮಾಡಿ ಬಿಲ್ ಕೊಡದ ಇರೂದು 2019ರ ಗ್ರಾಹಕರ ಕಾಯ್ದೆ ಪ್ರಕಾರ ತಪ್ಪ ಅಂತ. ಜಿಲ್ಲಾ ಗ್ರಾಹಕರ ಆಯೋಗಕ್ಕ ಎರಡು ವರ್ಷದೊಳಗ ದೂರು ಕೊಡಬಹುದಂತ, ಐದು ಲಕ್ಷದ ತನಕದ್ದಕ್ಕ ಫೀನೂ ಇಲ್ಲಂತ. "ಅತ್ಯಾ, ಏನರೆ ಕಾಗದ ಅದನ?" ಅಂದ. ಏನಿತ್ತು ನಮ್ಮ ಕಡೆ? ಗಾಡಿ ಬಿಟ್ಟಾಗಿಂದ ಒಂದ ಫೋಟೋ ಇಲ್ಲ, ಚೀಟಿ ಇಲ್ಲ, ಫೋನ್‌ಪೇ ಮಾಡಿದ್ರ ಅದರ ಗುರ್ತರೆ ಇರ್ತಿತ್ತು, ಅದೂ ಇಲ್ಲ. ಹೋಳಿಗಿಯಷ್ಟು ಪುಟ್ಟಿ ಹಕ್ಕಳಿ ಒಂದದ, ಹಳೇ ಪೇಪರಿನ್ಯಾಗ ಸುತ್ತಿ ಅಟ್ಟದ ಮ್ಯಾಲೆ ಇಟ್ಟೀನಿ.

ಗಾಡಿ ಯುಗಾದಿಗೆ ಮನಿಗೆ ಬಂದದ. ಬಣ್ಣ ಮೊದಲಿನಷ್ಟು ಹೊಳಿಯೂದಿಲ್ಲ, ಆ ಉದ್ದಕ ಪಟ್ಟಿ ಇನ್ನೂ ಸಿಕ್ಕಿಲ್ಲ, ಮುಂಬಯಿ ಕುರ್ಲಾದಾಗ ಹಳೇ ಟ್ಯಾಕ್ಸಿ ಸಾಮಾನಿನ್ಯಾಗ ಸಿಗಬಹುದು ಅಂತ ಮಿಸ್ತ್ರಿ ಹೇಳ್ಯಾರ. ಅಲ್ಲೆ ಇರೋವ್ರು ಯಾರರೆ ಹೋಗಿ ನೋಡಿದ್ರ ಉಪಕಾರ ಆಗ್ತದ. ಎಡಗಡೆ ಹಿಂದಿನ ಬಾಗಿಲಿಂದ ಬೇಕು.

ಮಿಸ್ತ್ರಿ ಶೆಡ್ಡಿನ ದಾರಿ ಬೇಕಾದವ್ರು ಮಧ್ಯಾಹ್ನ ಮೂರರ ಮ್ಯಾಲೆ ನಂಗ ಫೋನ್ ಮಾಡ್ರಿ. ವಾರದಾಗ ಕೊಡ್ರಿ ಅಂತ ಅವರಿಗೆ ಅನ್ನಬ್ಯಾಡ್ರಿ. ಮತ್ತ ನಾ ಹೇಳೀನಿ ಅಂತ ನಂಬಿ ಗಾಡಿ ಬಿಟ್ಟು ಬಂದುಬಿಡಬ್ಯಾಡ್ರಿ, ನಂದೂ ಪರಿಚಯನ ಆತಲ್ಲ. ಬರಸ್ಕೋರಿ, ಫೋಟೋ ತಗೋರಿ, ಬಣ್ಣ ಹೊಡಿಯೂ ಮೊದಲ ಒಂದ ಸಲ ಹೋಗಿ ತಗಡು ನೋಡ್ರಿ.