ಬಾಕಿಗೊಂದು ತಾರೀಖು

ಶನಿವಾರ ಸಂಜೆ ಐದಕ್ಕೆ ನಮ್ಮ ಮುದ್ರಣಾಲಯದಲ್ಲಿ ಯಂತ್ರದ ಸದ್ದು ನಿಲ್ಲುತ್ತದೆ. ಗದಗಿನ ನಮ್ಮ ಓಣಿಯಲ್ಲಿ ಅದು ಬಟವಾಡೆಯ ಹೊತ್ತು. ಕೆಲಸದವರು ಕೈಗಂಟಿದ ಶಾಯಿಯನ್ನು ಎಣ್ಣೆಬಟ್ಟೆಯಿಂದ ಒರೆಸಿ, ಸಾಬೂನು ಹಚ್ಚಿ ತೊಳೆದು ಬಂದು ಕೂರುತ್ತಾರೆ. ಯಾರೂ ಹಣ ಕೇಳುವುದಿಲ್ಲ. ಮಳೆಯ ಮಾತು, ಹೆಸರು ಬೆಳೆಯ ಮಾತು, ಮಕ್ಕಳ ಪರೀಕ್ಷೆಯ ಮಾತು ನಡೆಯುತ್ತದೆ. ನಾನು ಖಾನೆ ತೆರೆಯುವವರೆಗೂ ಆ ಮಾತು ಮುಂದುವರಿಯುತ್ತದೆ. ಖಾನೆಯಲ್ಲಿ ಹಣ ತುಂಬಿದ ವಾರ ಅವರ ಮುಖ ನೋಡಿ ಎಣಿಸಿಕೊಡುತ್ತೇನೆ. ತುಂಬದ ವಾರ ನೋಟುಗಳನ್ನೇ ನೋಡುತ್ತ ಕೊಡುತ್ತೇನೆ. ಈ ವ್ಯತ್ಯಾಸ ಅವರಿಗೂ ಗೊತ್ತು.

ನಮ್ಮದು ಸಣ್ಣ ಮುದ್ರಣಾಲಯ. ತಂದೆಯವರು ಟ್ರೆಡಲ್ ಯಂತ್ರ ಮತ್ತು ಸೀಸದ ಮೊಳೆಗಳಿಂದ ಶುರು ಮಾಡಿದರು. ನನ್ನ ಕಾಲಕ್ಕೆ ಆಫ್‌ಸೆಟ್ ಬಂತು, ಕಂಪ್ಯೂಟರ್ ಬಂತು. ಲಗ್ನಪತ್ರಿಕೆ, ಬಿಲ್ ಪುಸ್ತಕ, ಜಾತ್ರೆಯ ಕರಪತ್ರ, ಶಾಲೆಯ ಸ್ಮರಣ ಸಂಚಿಕೆ, ಯಾರದೋ ಮೊದಲ ಕವನ ಸಂಕಲನ, ಇವು ನಮ್ಮ ಕೆಲಸ. ರಾತ್ರಿ ಬಾಗಿಲು ಹಾಕುವ ಮೊದಲು ಒಂದು ಪುಟ ಬರೆಯುವ ರೂಢಿ ನನಗಿದೆ. ಎಡಬದಿಗೆ ಆ ದಿನದ ಕಿರ್ದಿ, ಬಲಬದಿಗೆ ಆ ದಿನದ ಅನಿಸಿಕೆ. ಹಳೆಯ ಪುಸ್ತಕಗಳನ್ನು ಮೊನ್ನೆ ತಿರುವಿ ಹಾಕಿದೆ. ಲೆಕ್ಕದ ಬದಿಯಲ್ಲಿ ‘ಬಾಕಿ’ ಎಂಬ ಶಬ್ದ ಹೆಚ್ಚಿದ್ದ ದಿನಗಳಲ್ಲಿ ಅನಿಸಿಕೆಯ ಬದಿ ಖಾಲಿಯಾಗಿತ್ತು. ಆ ಬಾಕಿಯ ಬಗ್ಗೆಯೇ ಇಂದು ನಿಮ್ಮೊಡನೆ ಮಾತಾಡಬೇಕೆನಿಸಿದೆ.

ಒಂದು ಕೆಲಸದ ಲೆಕ್ಕ ಹೇಳುತ್ತೇನೆ. ಇಪ್ಪತ್ತು ಸಾವಿರ ರೂಪಾಯಿಯ ಕೆಲಸವೆಂದುಕೊಳ್ಳಿ. ಕಾಗದದ ಅಂಗಡಿಯವರಿಗೆ ರೀಮು ಎತ್ತುವಾಗಲೇ ನಗದು ಎಣಿಸಬೇಕು. ಪ್ಲೇಟು, ಶಾಯಿ, ಕರೆಂಟು, ಪಗಾರ ಯಾವುದೂ ಕಾಯುವುದಿಲ್ಲ. ಜಿಎಸ್‌ಟಿಯನ್ನು ಬಿಲ್ ಬರೆದ ಅವಧಿಯ ಲೆಕ್ಕದಲ್ಲೇ ತುಂಬಬೇಕು, ಗಿರಾಕಿಯಿಂದ ಹಣ ಬಂದಿರಲಿ, ಬಿಡಲಿ. ಎಲ್ಲ ಕಳೆದು ನನಗೆ ಉಳಿಯುವುದು ಎರಡು ಸಾವಿರ. ಆ ಇಪ್ಪತ್ತು ಸಾವಿರ ನಾಲ್ಕು ತಿಂಗಳು ತಡವಾಯಿತೆನ್ನಿ. ಅಷ್ಟು ದಿನ ನಾನು ಶೇಕಡ ಎರಡರ ತಿಂಗಳ ಬಡ್ಡಿಗೆ ಕೈಗಡ ತಂದರೆ ಸಾವಿರದ ಆರುನೂರು ಅಲ್ಲೇ ಹೋಯಿತು. ಕೆಲಸ ಮಾಡಿದ್ದೂ ಉಂಟು, ಹಣ ಬಂದದ್ದೂ ಉಂಟು. ಆದರೆ ದುಡಿಮೆ ಮಾತ್ರ ಬಡ್ಡಿಯವರ ಮನೆ ಸೇರಿತು. ನಷ್ಟವಾಯಿತೆಂದು ಯಾರನ್ನೂ ದೂರುವಂತಿಲ್ಲ, ಏಕೆಂದರೆ ಯಾರೂ ಮೋಸ ಮಾಡಿಲ್ಲ.

ಇದಕ್ಕೆ ಕಾನೂನು ಇಲ್ಲವೇ ಎಂದು ನೀವು ಕೇಳಬಹುದು. ಇದೆ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆ ಈ ಮಾತನ್ನು ಸ್ಪಷ್ಟವಾಗಿ ಹೇಳುತ್ತದೆ. ಬರಹದ ಒಪ್ಪಂದವಿದ್ದರೂ 45 ದಿನಗಳನ್ನು ಮೀರಿ ಹಣ ತಡೆಯುವಂತಿಲ್ಲ. ಒಪ್ಪಂದವಿಲ್ಲದಿದ್ದರೆ 15 ದಿನ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. 2023ರ ಹಣಕಾಸು ಕಾಯ್ದೆ ಇನ್ನೊಂದು ಹೆಜ್ಜೆ ಇಟ್ಟಿತು. ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಅವಧಿಯೊಳಗೆ ಕೊಡದ ಹಣವನ್ನು, ನಿಜವಾಗಿ ಕೊಟ್ಟ ವರ್ಷದಲ್ಲಷ್ಟೇ ಖರ್ಚೆಂದು ಆದಾಯ ತೆರಿಗೆಯಲ್ಲಿ ತೋರಿಸಬಹುದು ಎಂದಿತು. ಒಳ್ಳೆಯ ಕಾನೂನುಗಳು. ಆದರೆ ಇಷ್ಟು ವರ್ಷಗಳಲ್ಲಿ ನಾನು ಒಮ್ಮೆಯೂ ಯಾರ ಮೇಲೂ ದೂರು ಕೊಟ್ಟಿಲ್ಲ. ಕೊಡುವುದೂ ಇಲ್ಲ. ಸಣ್ಣ ಊರಿನಲ್ಲಿ ಬಾಕಿ ಇರುವವರೇ ನಾಳೆ ಮಗಳ ಮದುವೆಯ ಪತ್ರಿಕೆ ಮಾಡಿಸಲು ಬರುವವರು. ಅವರ ಮನೆಯ ಮುಂದೆ ಹಾದು ನಾನು ಗುಡಿಗೆ ಹೋಗಬೇಕು. ಇನ್ನು ಸಣ್ಣ ಉದ್ಯಮವೆಂದು ಸರ್ಕಾರದಲ್ಲಿ ದಾಖಲಾಗುವ ಉದ್ಯಮ್ ನೋಂದಣಿ ಎಂದರೇನೆಂದು ತಿಳಿಯದೆ ಮನೆಯಲ್ಲೇ ಹೊಲಿಯುವವರು, ಅಂಟಿಸುವವರು, ಹಪ್ಪಳ ಒತ್ತುವವರು ಎಷ್ಟೋ ಮಂದಿ. ಅವರ ಹತ್ತಿರಕ್ಕೆ ಆ ಕಾನೂನು ಬರುವುದೇ ಇಲ್ಲ. ಅದಕ್ಕೇ ಕಾನೂನಿನ ಮಾತನ್ನು ಇಲ್ಲಿಗೆ ಬಿಟ್ಟು ನಿಮ್ಮಲ್ಲಿಗೆ ಬಂದಿದ್ದೇನೆ.

ನನ್ನಿಂದಲೇ ಆದ ತಪ್ಪೊಂದನ್ನು ಮೊದಲು ಹೇಳಬೇಕು.

ನಮ್ಮ ಪುಸ್ತಕಗಳಿಗೆ ಹೊಲಿಗೆ ಹಾಕಿ ರಟ್ಟು ಕಟ್ಟುವ ಅಕ್ಕ ಒಬ್ಬರು ಬೆಟಗೇರಿಯಲ್ಲಿದ್ದಾರೆ. ಕೈ ಬಲು ಅಚ್ಚುಕಟ್ಟು. ಒಂದು ವರ್ಷ ಒಂದು ಸಂಸ್ಥೆಯವರು ಸ್ಮರಣ ಸಂಚಿಕೆ ಮಾಡಿಸಿಕೊಂಡು ಹದಿನಾಲ್ಕು ತಿಂಗಳು ಹಣ ಕೊಡಲಿಲ್ಲ. ನಾನು ಅದನ್ನೇ ಕಾರಣ ಮಾಡಿಕೊಂಡು ಅಕ್ಕನ ಆರು ಸಾವಿರದ ನಾಲ್ಕುನೂರು ರೂಪಾಯಿ ತಡೆದೆ. ಅವರು ಬಂದಾಗಲೆಲ್ಲ ಹೇಳುತ್ತಿದ್ದುದು ಒಂದೇ ಮಾತು: “ಇರ್ಲಿ ಬಿಡ್ರಿ ಅಣ್ಣಾರ, ನಿಮ್ಮ ಅನುಕೂಲ ನೋಡಿ ಕೊಡ್ರಿ.” ನಾನು ಆ ಮಾತನ್ನು ನಂಬಿದೆ. ಅವರಿಗೇನೂ ಅವಸರವಿಲ್ಲ ಎಂದುಕೊಂಡೆ. ಆಮೇಲೊಂದು ದಿನ ಅವರ ಮನೆಗೆ ಹೋದಾಗ ಕಂಡದ್ದು ಬೇರೆ. ರಟ್ಟನ್ನು ಕಟ್ಟುಗಟ್ಟಲೆ ಕೊಂಡರೆ ಸೋವಿ, ಬಿಡಿ ಹಾಳೆಯಾಗಿ ಕೊಂಡರೆ ತುಟ್ಟಿ. ಕಟ್ಟು ಕೊಳ್ಳಲು ಅವರ ಕೈಯಲ್ಲಿ ಹಣವಿರಲಿಲ್ಲ, ಆ ಹಣ ನನ್ನಿಂದ ಬರಬೇಕಿತ್ತು. ಮೂರು ತಿಂಗಳಿಂದ ದಿನವೂ ಹತ್ತು, ಹನ್ನೆರಡು ಹಾಳೆ ತರುತ್ತಿದ್ದರು. ಪ್ರತಿ ಪುಸ್ತಕದ ಮೇಲೂ ಅವರ ಕೂಲಿಯಿಂದ ಒಂದಿಷ್ಟು ನನ್ನ ತಡದ ಲೆಕ್ಕಕ್ಕೆ ಹೋಗುತ್ತಿತ್ತು.

‘ಅನುಕೂಲ ನೋಡಿ ಕೊಡಿ’ ಎಂಬ ಮಾತನ್ನು ನಾನೂ ನನ್ನ ದೊಡ್ಡ ಗಿರಾಕಿಗಳಿಗೆ ಹೇಳುತ್ತೇನೆ. ಮರ್ಯಾದೆಗೆ ಹೇಳುತ್ತೇನೆ, ಮುಂದಿನ ಕೆಲಸ ತಪ್ಪೀತೆಂಬ ಅಂಜಿಕೆಗೂ ಹೇಳುತ್ತೇನೆ. ಹೇಳುವವರಿಗೆ ಅನುಕೂಲವಿದೆ ಎಂಬ ಅರ್ಥ ಅದರಲ್ಲಿಲ್ಲ. ನಮ್ಮ ನಾಡಿನ ಸೌಜನ್ಯ ಅದು. ಕೇಳಲು ನಾಚುವುದು ನಮ್ಮ ಗುಣ. ದಯವಿಟ್ಟು ಇನ್ನು ಮುಂದೆ ಯಾರಾದರೂ ನಿಮಗೆ ಈ ಮಾತು ಹೇಳಿದರೆ, ಅದರ ಹಿಂದೆ ಒಂದು ಶನಿವಾರ ಇದೆಯೆಂದು ತಿಳಿದುಕೊಳ್ಳಿ.

ಅಕ್ಕನ ಮನೆಗೆ ಹೋದ ಆ ದಿನ ನನ್ನ ಹತ್ತಿರವೂ ಪೂರ್ತಿ ಹಣವಿರಲಿಲ್ಲ. ಎರಡು ಸಾವಿರ ಕೊಟ್ಟೆ. ಉಳಿದದ್ದಕ್ಕೆ ಅವರ ಬಿಲ್ಲಿನ ಹಿಂದೆ ಬರೆದೆ: ಬರುವ ತಿಂಗಳ 10ಕ್ಕೆ ಪಾವತಿ. ಕೆಳಗೆ ಸಹಿ ಹಾಕಿದೆ. ಅಕ್ಕ ಆ ಚೀಟಿಯನ್ನು ರಟ್ಟಿನ ಅಂಗಡಿಗೆ ಒಯ್ದು ತೋರಿಸಿದರಂತೆ. ಅಂಗಡಿಯವರು ಅದೇ ತಾರೀಖಿನ ಮೇಲೆ ಒಂದು ಕಟ್ಟು ರಟ್ಟು ಕೊಟ್ಟರು. ಹಣ ಇನ್ನೂ ನನ್ನ ಕೈಗೇ ಬಂದಿರಲಿಲ್ಲ. ಆದರೆ ನಾನು ಬರೆದ ತಾರೀಖು ಅಷ್ಟರಲ್ಲೇ ಕೆಲಸ ಶುರು ಮಾಡಿತ್ತು. 10ನೇ ತಾರೀಖು ಬೆಳಿಗ್ಗೆ ನಾನೇ ಹೋಗಿ ಕೊಟ್ಟು ಬಂದೆ. ಆ ರಾತ್ರಿ ಪುಸ್ತಕದ ಬಲಬದಿ ಖಾಲಿ ಉಳಿಯಲಿಲ್ಲ.

ತಡವಾಗುವುದು ಎಲ್ಲರಿಗೂ ಇದ್ದದ್ದೇ. ಮಳೆ ಕೈಕೊಡುತ್ತದೆ, ಅನುದಾನ ನಿಲ್ಲುತ್ತದೆ, ಮನೆಯಲ್ಲಿ ಕಾಯಿಲೆ ಬರುತ್ತದೆ. ತಡವನ್ನು ಸಣ್ಣವರು ಸಹಿಸಬಲ್ಲರು. ಯಾವಾಗ ಎಂಬುದು ಗೊತ್ತಿಲ್ಲದಿರುವುದನ್ನು ಸಹಿಸುವುದು ಕಷ್ಟ. ತಾರೀಖು ಗೊತ್ತಿದ್ದರೆ ಅವರು ತಮ್ಮ ಬದುಕನ್ನು ಅದಕ್ಕೆ ಹೊಂದಿಸಿಕೊಳ್ಳುತ್ತಾರೆ. ಆದ್ದರಿಂದ ನನ್ನ ಮನವಿ ಇಷ್ಟೇ: ಕೊಡಬೇಕಾದ ಪ್ರತಿ ಸಣ್ಣ ಬಾಕಿಗೂ ಒಂದು ತಾರೀಖು ಬರೆದುಕೊಡಿ. ಬಾಯಿಮಾತು ಸಾಲದು. ಬರೆಯಿರಿ. ಬರೆದದ್ದನ್ನು ನಾವು ಮರೆಯುವುದು ಕಡಿಮೆ.

ಇಂಥ ನಂಬಿಕೆಯ ವ್ಯವಹಾರ ಈ ನೆಲಕ್ಕೆ ಹೊಸದಲ್ಲ. ನಮ್ಮ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಸಹಕಾರ ಸಂಘ ಕಟ್ಟಿದರು. ಏಷ್ಯಾದಲ್ಲೇ ಮೊದಲನೆಯದೆಂದು ಅದಕ್ಕೆ ಹೆಸರು. ರೈತರು ಒಬ್ಬರ ಮಾತಿಗೆ ಇನ್ನೊಬ್ಬರು ಹೊಣೆ ನಿಂತು ಬಡ್ಡಿಯ ಹೊರೆಯಿಂದ ಹೊರಬರುವ ದಾರಿ ಅದು. ಉಡುಪಿಯಲ್ಲಿ 1925ರಲ್ಲಿ ಕೈಮಗ್ಗದ ನೇಕಾರರ ಸಂಕಷ್ಟ ಕಂಡು ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮತ್ತು ಡಾ. ಟಿ.ಎಂ.ಎ. ಪೈ ಅವರು ಎಂಟು ಸಾವಿರ ರೂಪಾಯಿ ಬಂಡವಾಳದಿಂದ ಒಂದು ಬ್ಯಾಂಕು ಕಟ್ಟಿದರು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದದ್ದು ಅದೇ. 1928ರಲ್ಲಿ ಅವರು ಪಿಗ್ಮಿ ಠೇವಣಿ ಶುರು ಮಾಡಿದರು. ದಿನಕ್ಕೆ ಎರಡಾಣೆ. ಮನೆಯ ಬಾಗಿಲಿಗೇ ಬಂದು ಒಯ್ಯುತ್ತಿದ್ದರು. ಎರಡಾಣೆ ದೊಡ್ಡ ಮೊತ್ತವಲ್ಲ. ಆದರೆ ಅದು ತಪ್ಪದೆ ಬರುತ್ತಿತ್ತು. ಇಂದಿಗೂ ನಮ್ಮ ಓಣಿಗೆ ಸಂಜೆ ಪಿಗ್ಮಿಯವರು ಬರುತ್ತಾರೆ. ಎದುರಿನ ಚಹಾದಂಗಡಿಯ ಹುಡುಗ ಐವತ್ತು ರೂಪಾಯಿಯನ್ನು ಮೊದಲೇ ಎಣಿಸಿ ಡಬ್ಬಿಯ ಕೆಳಗಿಟ್ಟಿರುತ್ತಾನೆ. ತಪ್ಪದೆ ಬರುವ ಸಣ್ಣ ಹಣ ಏನೆಲ್ಲ ಕಟ್ಟಬಲ್ಲದೆಂದು ನಮ್ಮ ಹಿರಿಯರು ತೋರಿಸಿಕೊಟ್ಟಿದ್ದಾರೆ.

ಕನ್ನಡ ಸಾಹಿತ್ಯವೂ ಇದೇ ದಾರಿಯಲ್ಲಿ ನಡೆದು ಬಂದಿದೆ. ಗಳಗನಾಥರು ತಮ್ಮ ಕಾದಂಬರಿಗಳನ್ನು ಹೊತ್ತು ಊರೂರು ತಿರುಗಿ ಮಾರಿದರು. ಧಾರವಾಡದಲ್ಲಿ 1933ರಲ್ಲಿ ಆರಂಭವಾದ ಮನೋಹರ ಗ್ರಂಥಮಾಲೆಯನ್ನು ಜಿ.ಬಿ. ಜೋಶಿಯವರು ಚಂದಾದಾರರನ್ನು ನೆಚ್ಚಿಕೊಂಡು ನಡೆಸಿದರು. ಒಬ್ಬ ಓದುಗ ಸಕಾಲಕ್ಕೆ ಕಳಿಸಿದ ಚಂದಾ ಹಣದಲ್ಲಿ ಕಾಗದದ ಒಂದು ಪಾಲಿತ್ತು, ಮೊಳೆ ಜೋಡಿಸಿದವರ ಕೂಲಿಯ ಒಂದು ಪಾಲಿತ್ತು. ನಾವು ಓದಿ ಹೆಮ್ಮೆಪಡುವ ಪುಸ್ತಕಗಳ ಹಿಂದೆ ಹೆಸರಿಲ್ಲದ ಅಂಥ ಓದುಗರು ನಿಂತಿದ್ದಾರೆ. ಇಂದು ಸಣ್ಣ ಪತ್ರಿಕೆಯೊಂದರ ಚಂದಾ ಮುಗಿದಿದೆ ಎಂದು ನಿಮಗೆ ಕಾರ್ಡು ಬಂದರೆ, ಅದೇ ವಾರ ಕಳಿಸಿಬಿಡಿ. ಓದಲು ಬಿಡುವಿಲ್ಲದಿದ್ದರೆ ನಿಲ್ಲಿಸುತ್ತೇನೆಂದು ಬರೆಯಿರಿ, ಅದಕ್ಕೂ ಅವರು ಋಣಿಯಾಗಿರುತ್ತಾರೆ. ಸುಮ್ಮನಿರಬೇಡಿ. ಉತ್ತರ ಬಾರದಿದ್ದರೆ ಅವರು ಮತ್ತೆ ನಾಲ್ಕು ಸಂಚಿಕೆ ಕಳಿಸುತ್ತಲೇ ಇರುತ್ತಾರೆ.

ನೀವು ಸಂಘವೊಂದರ ಕಾರ್ಯದರ್ಶಿಯಾಗಿರಬಹುದು. ಕಾರ್ಯಕ್ರಮ ನಿಶ್ಚಯಿಸುವ ಸಭೆಯಲ್ಲೇ ಶಾಮಿಯಾನದವರಿಗೆ, ಅಡುಗೆಯವರಿಗೆ, ಮೈಕಿನವರಿಗೆ ಯಾವ ದಿನ ಕೊಡುವುದೆಂದು ನಡಾವಳಿ ಪುಸ್ತಕದಲ್ಲಿ ಬರೆಸಿ. ಹಾರ ತುರಾಯಿಯ ಖರ್ಚಿನ ಪಕ್ಕದಲ್ಲೇ ಆ ತಾರೀಖೂ ಇರಲಿ. ನೀವು ಕಚೇರಿಯೊಂದರ ಲೆಕ್ಕ ವಿಭಾಗದಲ್ಲಿ ಕೂತಿರಬಹುದು. ನಿಮ್ಮ ಮೇಜಿಗೆ ಬರುವ ಬಿಲ್ಲುಗಳಲ್ಲಿ ಚಿಕ್ಕದನ್ನು ಮೇಲಕ್ಕಿಡಿ. ಮೇಲಿನವರ ಸಹಿ ಬಾಕಿಯಿದ್ದರೆ ಬಂದವರಿಗೆ ಹಾಗೆಂದೇ ಹೇಳಿ, ಮತ್ತೆ ಯಾವತ್ತು ಬಂದರೆ ಕೆಲಸವಾದೀತು ಎಂಬುದನ್ನು ಚೀಟಿಯಲ್ಲಿ ಬರೆದುಕೊಡಿ. ಹಳ್ಳಿಯಿಂದ ಬಸ್ಸಿನಲ್ಲಿ ಬಂದವರಿಗೆ ಆ ಚೀಟಿ ಒಂದು ದಿನದ ಕೂಲಿ ಉಳಿಸುತ್ತದೆ. ನೀವು ನನ್ನಂಥ ಉದ್ಯಮಿಯಾಗಿದ್ದರೆ, ನಮಗೆ ಬರಬೇಕಾದದ್ದು ಬಂದಿಲ್ಲವೆಂಬ ಕಾರಣಕ್ಕೆ ನಮಗಿಂತ ಸಣ್ಣವರದ್ದನ್ನು ತಡೆಯುವುದು ಬೇಡ. ಆ ಸರಪಳಿ ಎಲ್ಲೋ ಒಂದು ಕಡೆ ಕಳಚಬೇಕು. ನಮ್ಮಲ್ಲೇ ಕಳಚಲಿ.

ಮನೆಯಲ್ಲಿರುವವರೂ ಇದರಿಂದ ಹೊರಗಿಲ್ಲ. ರವಿಕೆ ಹೊಲಿದ ಬಾಯಿ, ನಲ್ಲಿ ರಿಪೇರಿ ಮಾಡಿದ ಹುಡುಗ, ಪೇಪರ್ ಹಾಕುವವರು, ಇಸ್ತ್ರಿ ಮಾಡುವವರು, ಇವರೆಲ್ಲರ ಬಾಕಿ ನಮ್ಮ ಮನೆಗಳಲ್ಲಿ ಇದ್ದೇ ಇರುತ್ತದೆ. ಮೊತ್ತ ಚಿಕ್ಕದಾದ್ದರಿಂದ ನಮಗದು ನೆನಪಿರುವುದಿಲ್ಲ, ಚಿಕ್ಕದಾದ್ದರಿಂದ ಅವರು ಕೇಳುವುದೂ ಇಲ್ಲ. ಚಿಲ್ಲರೆ ಇಲ್ಲ ಎಂಬ ಕಾರಣ ಹಿಂದೆ ಇತ್ತು. ಈಗ ತಳ್ಳುಗಾಡಿಯ ಮೇಲೂ ಯುಪಿಐ ಚೀಟಿ ಅಂಟಿಸಿರುತ್ತಾರೆ. ಹಣ ದಾಟಿಹೋಗಲು ಕ್ಷಣ ಸಾಕು. ನಮ್ಮ ಮನಸ್ಸು ಅತ್ತ ಹೊರಳಬೇಕಷ್ಟೆ. ನಿಮ್ಮ ಮನಸ್ಸು ಹೊರಳುತ್ತದೆಂಬ ನಂಬಿಕೆ ನನಗಿದೆ, ಏಕೆಂದರೆ ಬೇಕೆಂದು ತಡ ಮಾಡಿದವರನ್ನು ನಾನು ಕಂಡದ್ದು ಬಹಳ ಕಡಿಮೆ. ಹೆಚ್ಚಿನವರು ಮರೆತವರು.

ದೀಪಾವಳಿಯಲ್ಲಿ ನಮ್ಮ ಕಡೆ ಅಂಗಡಿಕಾರರು ಕಿರ್ದಿ ಖಾತೆಗಳಿಗೆ ಪೂಜೆ ಮಾಡುತ್ತಾರೆ. ಕುಂಕುಮ ಹಚ್ಚಿ, ಹೂವೇರಿಸಿ, ಹೊಸ ಪುಸ್ತಕದ ಮೊದಲ ಪುಟಕ್ಕೆ ಕೈ ಮುಗಿಯುತ್ತಾರೆ. ನಾನು ಕೆಲವು ವರ್ಷಗಳಿಂದ ಪೂಜೆಯ ಹಿಂದಿನ ದಿನ ಹಳೆಯ ಪುಸ್ತಕ ತೆಗೆದು, ನಾನು ಕೊಡಬೇಕಾದವರ ಹೆಸರುಗಳನ್ನು ಒಂದು ಹಾಳೆಗೆ ಇಳಿಸಿಕೊಳ್ಳುತ್ತೇನೆ. ಸಾಧ್ಯವಾದಷ್ಟು ಅಂದೇ ಕೊಡುತ್ತೇನೆ. ಉಳಿದವರ ಹೆಸರಿನ ಮುಂದೆ ತಾರೀಖು ಬರೆದು, ಅವರಿಗೂ ಹೇಳಿ ಕಳಿಸುತ್ತೇನೆ. ಎರಡು ವರ್ಷ ಪೂರ್ತಿ ಮುಗಿಸಲು ಆಗಲಿಲ್ಲ. ಆದರೆ ಬರೆದ ತಾರೀಖು ಒಂದೂ ತಪ್ಪಿಲ್ಲ. ಹಬ್ಬದವರೆಗೆ ನೀವು ಕಾಯಬೇಕಿಲ್ಲ.

ಇಂದು ರಾತ್ರಿ ಊಟವಾದ ಮೇಲೆ ನಿಮ್ಮ ಮೇಜಿನ ಖಾನೆಯನ್ನೋ, ಕೈಚೀಲವನ್ನೋ ಒಮ್ಮೆ ನೋಡಿ. ಮಡಚಿಟ್ಟ ಸಣ್ಣ ಬಿಲ್ಲೊಂದು ಸಿಕ್ಕರೆ ಈಗಲೇ ಕೊಟ್ಟುಬಿಡಿ. ಈಗ ಆಗದಿದ್ದರೆ ಫೋನು ಮಾಡಿ, ಯಾವ ದಿನ ಎಂದು ತಿಳಿಸಿ. ಶನಿವಾರದೊಳಗೆ ತಿಳಿಸಿದರೆ ಇನ್ನೂ ಒಳ್ಳೆಯದು.